‘ಓಟಿಪಿ ಕೊಡಬೇಡಿ’ ಎಂದರೆ ಮುಗಿಯಿತೆ?



ಅಂತರ್ಜಾಲದ ಹಣಕಾಸಿನ ಮೋಸಗಳ ಬಗ್ಗೆ ಈ ಸಂಚಿಕೆಯಲ್ಲಿ ಬರೆಯುತ್ತೇವೆ ಎಂದಾಗ ನಮ್ಮವರಿಂದಲೇ ಎರಡು ಬಗೆಯ ಮಾತು ಕೇಳಿಬಂತು. ಒಂದು: “ಅದರಲ್ಲಿ ಬರೆಯುವುದೇನಿದೆ ಮಾರಾಯ್ರೆ? ಓಟಿಪಿ ಯಾರಿಗೂ ಕೊಡಬೇಡಿ ಅಂತ ಬ್ಯಾಂಕಿನವರು ದಿನಾ ಮೆಸೇಜು ಕಳಿಸ್ತಾರಲ್ಲ!” ಇನ್ನೊಂದು: “ದುರಾಸೆ ಇದ್ದವರು ಮೋಸ ಹೋಗ್ತಾರೆ, ನಮಗ್ಯಾಕೆ ಊರ ಉಸಾಬರಿ?” ಈ ಮಾತು ಆಡಿದವರು ಒಳ್ಳೆಯವರೇ. ಆದರೆ ಎರಡೂ ಮಾತು ತಪ್ಪು. ತಪ್ಪು ಮಾತ್ರವಲ್ಲ, ಮೋಸಗಾರನಿಗೆ ಉಪಕಾರ ಮಾಡುವ ಮಾತು. ಅದನ್ನು ತೋರಿಸಿಕೊಡಲಿಕ್ಕೆಂದೇ ಇಷ್ಟು ಪುಟ ತೆಗೆದುಕೊಂಡಿದ್ದೇವೆ. ರಾಜ್ಯೋತ್ಸವದ ಫೋಟೋಗಳಿಗೆ ಜಾಗ ಕಡಿಮೆಯಾಯಿತೆಂದು ಬೇಸರಿಸಬೇಡಿ. ಜೆರಾಕ್ಸಿನಲ್ಲಿ ಹೇಗೂ ಎಲ್ಲರ ಮುಖವೂ ಕಪ್ಪಾಗಿಯೇ ಬರುತ್ತದೆ!

ಮೊದಲು ದುರಾಸೆಯ ಮಾತನ್ನೇ ತೆಗೆದುಕೊಳ್ಳೋಣ.

2023ರ ಆಗಸ್ಟ್‌ನಿಂದ ಕುವೈತ್ ಬಿಟ್ಟು ಹೊರಡುವ ವಿದೇಶೀಯರು ತಮ್ಮ ಹೆಸರಿನಲ್ಲಿರುವ ಟ್ರಾಫಿಕ್ ದಂಡವನ್ನೆಲ್ಲ ಕಟ್ಟಿಯೇ ವಿಮಾನ ಹತ್ತಬೇಕು ಎಂಬ ನಿಯಮ ಬಂತು. ಮರು ತಿಂಗಳು ಕರೆಂಟು-ನೀರಿನ ಬಾಕಿಯೂ ಆ ಪಟ್ಟಿಗೆ ಸೇರಿತು, ಆಮೇಲೆ ಟೆಲಿಫೋನಿನದು. 2024ರ ಡಿಸೆಂಬರ್ 31ರ ಒಳಗೆ ನಾವೆಲ್ಲ ಬಯೋಮೆಟ್ರಿಕ್ ಬೆರಳಚ್ಚು ಕೊಡಬೇಕಾಯಿತು. 2025ರ ಏಪ್ರಿಲ್ 22ರಿಂದ ಹೊಸ ಟ್ರಾಫಿಕ್ ಕಾನೂನು. ಗಾಡಿ ಓಡಿಸುತ್ತ ಕೈಯಲ್ಲಿ ಮೊಬೈಲ್ ಹಿಡಿದರೆ 5 ದಿನಾರ್ ಇದ್ದ ದಂಡ 75 ದಿನಾರ್ ಆಯಿತು. ಕೆಂಪು ದೀಪ ದಾಟಿದರೆ 150. ಅದೇ ವರ್ಷ ಜುಲೈ 1ರಿಂದ ಖಾಸಗಿ ಕಂಪನಿಯ ನೌಕರರಿಗೆ ಊರಿಗೆ ಹೊರಡಲು ಎಕ್ಸಿಟ್ ಪರ್ಮಿಟ್ ಬೇರೆ. ಇವು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ಅತಿಥಿಗಳಾಗಿ ಬಂದ ದೇಶದ ಕಾನೂನು, ಪಾಲಿಸುತ್ತೇವೆ. ನಮ್ಮ ಮಾತು ಇಷ್ಟೇ: ಇಲ್ಲಿನ ನಮ್ಮ ಬದುಕಿನ ಪ್ರತಿಯೊಂದು ಕಾಗದವೂ ಈಗ ಫೋನಿನೊಳಗೆ ಹೋಗಿದೆ, ಪ್ರತಿಯೊಂದಕ್ಕೂ ಒಂದು ಗಡುವು ಇದೆ, ಪ್ರತಿ ಗಡುವಿನ ಹಿಂದೆ ಒಂದು ಭಯ ಇದೆ. ಮೋಸಗಾರ ಮಾರುವುದು ಆಸೆಯನ್ನಲ್ಲ. ಅವನು ನಮ್ಮ ಈ ಭಯವನ್ನೇ ನಮಗೆ ಮಾರುತ್ತಾನೆ.

ಒಬ್ಬ ಸದಸ್ಯೆ ಎಂದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ ಮುಗಿಸಿ ಫರ್ವಾನಿಯಾದ ಫ್ಲ್ಯಾಟಿಗೆ ಬಂದು ಕೂತಿದ್ದಾರೆ. ನಾಡಿದ್ದು ಮಂಗಳೂರಿಗೆ ಹೊರಡಬೇಕು, ಊರಿನಲ್ಲಿ ಅತ್ತೆಗೆ ಆಪರೇಷನ್. ಫೋನಿಗೆ ಒಂದು ಮೆಸೇಜು ಬರುತ್ತದೆ: ನಿಮ್ಮ ವಾಹನದ ಮೇಲೆ ಒಂದು ಮುಖಾಲಫಾ ಇದೆ, ಈ ದಿನವೇ ಕಟ್ಟಿದರೆ 5 ದಿನಾರ್, ಇಲ್ಲವಾದರೆ ಪ್ರಯಾಣಕ್ಕೆ ತಡೆ. ಕೆಳಗೊಂದು ಲಿಂಕು. ಒತ್ತಿದರೆ ಮಂತ್ರಾಲಯದ ಲಾಂಛನ, ಅರಬ್ಬಿ, ಇಂಗ್ಲಿಷ್, ಎಲ್ಲ ಸರಿಯಾಗಿಯೇ ಇದೆ. ಸಿವಿಲ್ ಐಡಿ ನಂಬರ್ ಕೇಳುತ್ತದೆ, ಹಾಕುತ್ತಾರೆ. ಬಾಕಿ 5 ದಿನಾರ್ ಎಂದು ತೋರಿಸುತ್ತದೆ. ಮುಂದೆ ನಾವೆಲ್ಲ ದಿನವೂ ನೋಡುವ ಕೆ-ನೆಟ್ ಪುಟದಂಥದೇ ಪುಟ. ಬ್ಯಾಂಕಿನ ಹೆಸರು ಆರಿಸಿ, ಕಾರ್ಡ್ ನಂಬರ್ ಹಾಕಿ, ಪಿನ್ ಹಾಕಿ. ಫೋನಿಗೆ ಓಟಿಪಿ ಬರುತ್ತದೆ, ಅದನ್ನೂ ಹಾಕಿ. ಪುಟ ಸ್ವಲ್ಪ ಹೊತ್ತು ತಿರುಗುತ್ತದೆ. “ಓಟಿಪಿ ತಪ್ಪಾಗಿದೆ, ಮತ್ತೊಮ್ಮೆ ಹಾಕಿ” ಎನ್ನುತ್ತದೆ. ಮತ್ತೊಂದು ಓಟಿಪಿ, ಮತ್ತೊಮ್ಮೆ ಹಾಕುತ್ತಾರೆ. ಅತ್ತೆಯ ಆಪರೇಷನ್ನಿಗೆಂದು ಇಟ್ಟಿದ್ದ ದುಡ್ಡು ಎರಡು ಕಂತಿನಲ್ಲಿ ಹೋಯಿತು.

ಇಲ್ಲಿ ದುರಾಸೆ ಎಲ್ಲಿದೆ, ಹೇಳಿ. ಸರ್ಕಾರಕ್ಕೆ ಕೊಡಬೇಕಾದ್ದನ್ನು ಒಂದು ದಿನವೂ ತಡ ಮಾಡದೆ ಕೊಟ್ಟುಬಿಡೋಣ ಎಂದವರ ಪ್ರಾಮಾಣಿಕತೆ ಇದೆ. “ಓಟಿಪಿ ಯಾರಿಗೂ ಕೊಡಬೇಡಿ” ಎಂದಿರಲ್ಲ, ಈಕೆ ಯಾರಿಗೆ ಕೊಟ್ಟರು? ಯಾರೂ ಫೋನ್ ಮಾಡಿ ಕೇಳಲಿಲ್ಲ. ಹಣ ಕಟ್ಟುವಾಗ ಪ್ರತಿಸಲ ಮಾಡುವಂತೆಯೇ ಪುಟದಲ್ಲಿ ಟೈಪು ಮಾಡಿದರು, ಅಷ್ಟೇ. ಬ್ಯಾಂಕಿನವರ ಉಪದೇಶವನ್ನು ಅಕ್ಷರಶಃ ಪಾಲಿಸಿಯೂ ಮೋಸ ಹೋಗಬಹುದು. ಈ ಉಪದೇಶ ಫೋನ್ ಮಾಡಿ ನಂಬರು ಕೇಳುವ ಕಳ್ಳನ ಕಾಲದ್ದು. ನಕಲಿ ವೆಬ್‌ಸೈಟ್ ಕಟ್ಟಿ ಕೂತ ಕಳ್ಳನಿಗೆ ಇದು ತಾಗುವುದೇ ಇಲ್ಲ. ಅದಕ್ಕೇ ನಾವು ಹೇಳುವುದು, ಬರೀ ಆ ಒಂದು ವಾಕ್ಯವನ್ನು ಪೋಸ್ಟರು ಮಾಡಿ ಅಂಟಿಸಿ ಕೈ ತೊಳೆದುಕೊಳ್ಳುವುದು ಸಾಲದು ಎಂದು.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಕೆ-ನೆಟ್ ವ್ಯವಸ್ಥೆ 1992ರಷ್ಟು ಹಿಂದಿನದು, ಕುವೈತಿನ ಎಲ್ಲ ಬ್ಯಾಂಕುಗಳ ಡೆಬಿಟ್ ಕಾರ್ಡೂ ಅದರ ಮೂಲಕವೇ ನಡೆಯುತ್ತದೆ. ಎಟಿಎಮ್ಮಿನಲ್ಲಿ ಒತ್ತುವ ಅದೇ ಪಿನ್ನನ್ನು ಕಂಪ್ಯೂಟರ್ ಪುಟದಲ್ಲೂ ಹಾಕುವುದು ಇಲ್ಲಿ ನಮಗೆಲ್ಲ ರೂಢಿಯಾಗಿ ಹೋಗಿದೆ. ಆ ರೂಢಿಯೇ ಕಳ್ಳನಿಗೆ ರಾಜಮಾರ್ಗ. ಪಿನ್ ಕೇಳಿದ ಕೂಡಲೇ ಅನುಮಾನ ಬರಬೇಕಾದ ಮನಸ್ಸಿಗೆ ಅನುಮಾನವೇ ಬಾರದು.

ಹಾಗಾದರೆ ಏನು ನೋಡಬೇಕು? ಓಟಿಪಿ ಬಂದಾಗ ನಾವು ಆ ಅಂಕೆಗಳನ್ನು ಮಾತ್ರ ಓದುತ್ತೇವೆ. ಬೇಡ, ಇಡೀ ಮೆಸೇಜು ಓದಿ. ಎಷ್ಟು ಹಣ, ಯಾರಿಗೆ ಎಂಬುದು ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ. ಪುಟದಲ್ಲಿ 5 ದಿನಾರ್ ಇದ್ದು ಮೆಸೇಜಿನಲ್ಲಿ 480 ದಿನಾರ್ ಇದ್ದರೆ ಅಲ್ಲಿಗೇ ನಿಲ್ಲಿಸಿ. ಕೆಲವು ಸಲ ಮೊತ್ತವೇ ಇರುವುದಿಲ್ಲ. ಕಾರ್ಡನ್ನು ಮೊಬೈಲ್ ವ್ಯಾಲೆಟ್ಟಿಗೆ ಸೇರಿಸಲು ಈ ಓಟಿಪಿ ಎಂದು ಬರೆದಿರುತ್ತದೆ. 2022ರ ಡಿಸೆಂಬರ್‌ನಲ್ಲಿ ಆಪಲ್ ಪೇ ಕುವೈತಿಗೆ ಬಂದಮೇಲೆ ಅಂಗಡಿಯಲ್ಲಿ ಫೋನ್ ತೋರಿಸಿ ಹಣ ಕೊಡುವುದು ಎಲ್ಲರಿಗೂ ಸಲೀಸಾಗಿದೆ. ಆ ಓಟಿಪಿ ಹಾಕಿದರೆ ನಿಮ್ಮ ಕಾರ್ಡು ಕಳ್ಳನ ಫೋನಿನಲ್ಲಿ ಕೂತಂತೆ. ಆಮೇಲೆ ಅವನಿಗೆ ನಿಮ್ಮ ಓಟಿಪಿಯೇ ಬೇಡ, ಸೀದಾ ಅಂಗಡಿಗೆ ಹೋಗುತ್ತಾನೆ.

ಇನ್ನು ವಿಳಾಸದ ವಿಚಾರ. ಇದನ್ನು ಯಾರೂ ಕನ್ನಡದಲ್ಲಿ ಬಿಡಿಸಿ ಹೇಳಿದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಊರಿಗೆ ಕಾಗದ ಬರೆಯುತ್ತಿದ್ದ ಕಾಲ ನೆನಪಿಸಿಕೊಳ್ಳಿ. ಮನೆಗೆ ‘ವಿಧಾನಸೌಧ’ ಎಂದು ಯಾರು ಬೇಕಾದರೂ ಹೆಸರಿಟ್ಟುಕೊಳ್ಳಬಹುದು, ಕೇಳುವವರಿಲ್ಲ. ಆದರೆ ಕೊನೆಯ ಸಾಲಿನಲ್ಲಿ ‘ಪುತ್ತೂರು ತಾಲೂಕು, ದ.ಕ.’ ಎಂದಿದ್ದರೆ ಆ ಕಾಗದ ಹೋಗುವುದು ಪುತ್ತೂರಿಗೇ ಹೊರತು ಬೆಂಗಳೂರಿನ ವಿಧಾನಸೌಧಕ್ಕಲ್ಲ. ವೆಬ್‌ಸೈಟಿನ ವಿಳಾಸವೂ ಹಾಗೆಯೇ. ಅದರ ಜಾತಕ ಇರುವುದು ಕೊನೆಯಲ್ಲಿ. ಆರಂಭದಲ್ಲಿ ಬರುವ ಎರಡು ಓರೆಗೆರೆ ಬಿಟ್ಟುಬಿಡಿ. ಅದರ ಮುಂದೆ ಬರುವ ಮೊದಲ ಒಂಟಿ ಓರೆಗೆರೆಯ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿ. ‘ಎಂಒಐ ಡಾಟ್ ಜಿಒವಿ ಡಾಟ್ ಕೆಡಬ್ಲ್ಯು’ ಎಂದು ಅಲ್ಲಿಗೇ ಮುಗಿದರೆ ಅದು ಇಲ್ಲಿನ ಗೃಹ ಮಂತ್ರಾಲಯ. ಅದೇ ಅಕ್ಷರಗಳಾದ ಮೇಲೆ ಇನ್ನೊಂದು ಚುಕ್ಕೆ ಹಾಕಿ ‘ಫೈನ್ ಡಾಟ್ ಕಾಮ್’ ಎಂದೋ ಮತ್ತೇನೋ ಮುಂದುವರಿದರೆ, ಅದು ಮನೆಗೆ ವಿಧಾನಸೌಧ ಎಂದು ಹೆಸರಿಟ್ಟುಕೊಂಡವನ ಕೆಲಸ. ಚುಕ್ಕೆ ಇರಬೇಕಾದ ಕಡೆ ಅಡ್ಡಗೆರೆ ಹಾಕಿ ‘ಎಂಒಐ-ಜಿಒವಿ-ಕೆಡಬ್ಲ್ಯು’ ಎಂದು ಬರೆದರೂ ಅಷ್ಟೇ. ಕೆ-ನೆಟ್‌ನ ಅಸಲಿ ಹಣ ಕಟ್ಟುವ ಪುಟ ‘ಕೆಪೇ ಡಾಟ್ ಕಾಮ್ ಡಾಟ್ ಕೆಡಬ್ಲ್ಯು’ ಎಂದು ಮುಗಿಯುತ್ತದೆ.

ಊರಿನ ಬ್ಯಾಂಕುಗಳ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ. ನಕಲಿ ಬ್ಯಾಂಕ್ ವೆಬ್‌ಸೈಟುಗಳ ಕಾಟ ತಡೆಯಲೆಂದು ರಿಸರ್ವ್ ಬ್ಯಾಂಕು ಭಾರತದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರ ಒಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ಆಜ್ಞೆ ಮಾಡಿತು. ಈ ವಿಳಾಸವನ್ನು ಬ್ಯಾಂಕಲ್ಲದವರಿಗೆ ಕೊಡುವುದಿಲ್ಲ. ಎನ್ಆರ್‌ಐ ಖಾತೆ ಇರುವವರು ತಮ್ಮ ಬ್ಯಾಂಕಿನ ಹೊಸ ವಿಳಾಸ ಏನೆಂದು ಒಮ್ಮೆ ಸರಿಯಾಗಿ ನೋಡಿ ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟಿಗೂ ಇದೇ ಕಥೆ. ‘ಪಾಸ್‌ಪೋರ್ಟ್ ಇಂಡಿಯಾ ಡಾಟ್ ಜಿಒವಿ ಡಾಟ್ ಇನ್’ ಎಂಬುದು ಸರ್ಕಾರದ್ದು. ಅದೇ ರೀತಿ ಕಾಣುವ ನಕಲಿಗಳ ಪಟ್ಟಿಯನ್ನು ಸರ್ಕಾರವೇ ಹಾಕಿ ಎಚ್ಚರಿಸಬೇಕಾದ ಪರಿಸ್ಥಿತಿ ಬಂದಿದೆ.

ಬೀಗದ ಚಿತ್ರ ಇದ್ದರೆ ಭದ್ರ ಎಂದು ಹಿಂದೆ ಕಲಿಸಿದ್ದರಲ್ಲ, ಅದನ್ನು ಮರೆತುಬಿಡಿ. ಆ ಬೀಗದ ಅರ್ಥ ನಿಮ್ಮ ಮತ್ತು ಆ ವೆಬ್‌ಸೈಟಿನ ಮಾತುಕತೆ ಮೂರನೆಯವನಿಗೆ ಕೇಳಿಸುವುದಿಲ್ಲ ಎಂದಷ್ಟೇ. ಎದುರಿಗೆ ಕೂತವನೇ ಕಳ್ಳನಾದರೆ ಬೀಗ ಏನು ಮಾಡೀತು? ಅದಕ್ಕೆ ಬೇಕಾದ ಸರ್ಟಿಫಿಕೇಟು ಈಗ ಪುಕ್ಕಟೆ ಸಿಗುತ್ತದೆ, ಕಳ್ಳನಿಗೂ ಸಿಗುತ್ತದೆ. ಗೂಗಲ್‌ನವರು 2023ರಲ್ಲಿ ತಮ್ಮ ಕ್ರೋಮ್‌ನಿಂದ ಆ ಬೀಗದ ಚಿತ್ರವನ್ನೇ ತೆಗೆದುಹಾಕಿದರು, ಜನ ಅದನ್ನು ಪ್ರಾಮಾಣಿಕತೆಯ ಮುದ್ರೆ ಎಂದು ತಪ್ಪು ತಿಳಿಯುತ್ತಾರೆಂಬ ಕಾರಣಕ್ಕೆ.

“ಬ್ಯಾಂಕಿನ ಹೆಸರಿನಲ್ಲೇ ಮೆಸೇಜು ಬಂದಿತ್ತು ಸ್ವಾಮಿ” ಎನ್ನುವವರಿದ್ದಾರೆ. ಅವರನ್ನು ನೋಡಿ ನಗಬೇಡಿ. 2025ರಲ್ಲಿ ಇದೇ ಫರ್ವಾನಿಯಾದಲ್ಲಿ ಪೊಲೀಸರು ಹಿಡಿದ ವಿದೇಶೀ ತಂಡವೊಂದು ಕಾರಿನಲ್ಲಿ ಟವರಿನಂತೆ ವರ್ತಿಸುವ ಉಪಕರಣ ಇಟ್ಟುಕೊಂಡು, ಸುತ್ತಮುತ್ತಲಿನ ಫೋನುಗಳಿಗೆ ಬ್ಯಾಂಕು ಮತ್ತು ಟೆಲಿಫೋನ್ ಕಂಪನಿಗಳ ಹೆಸರಿನಲ್ಲಿ ಮೆಸೇಜು ಕಳಿಸುತ್ತಿತ್ತು. ಮೆಸೇಜಿನ ತಲೆಯ ಮೇಲಿರುವ ಹೆಸರು ಲಕೋಟೆಯ ಹಿಂದೆ ಬರೆದ ‘ಇಂದ’ ವಿಳಾಸದ ಹಾಗೆ. ಬರೆದವನು ಏನು ಬೇಕಾದರೂ ಬರೆಯಬಹುದು. ಪೊಲೀಸ್ ಸಮವಸ್ತ್ರ ತೊಟ್ಟು ವೀಡಿಯೋ ಕರೆ ಮಾಡುವವರ ಬಗ್ಗೆಯೂ ಇಲ್ಲಿನ ಮಂತ್ರಾಲಯ ಎಚ್ಚರಿಕೆ ಕೊಟ್ಟಿದೆ.

ಇಷ್ಟೆಲ್ಲ ಯಾರು ಪರೀಕ್ಷೆ ಮಾಡುತ್ತ ಕೂರುತ್ತಾರೆ, ಮೊಬೈಲಿನ ಸಣ್ಣ ಪರದೆಯಲ್ಲಿ ವಿಳಾಸ ಪೂರ್ತಿ ಕಾಣುವುದೂ ಇಲ್ಲ ಎಂದರೆ, ಅದೂ ನಿಜವೇ. ಹಾಗಿದ್ದರೆ ಸುಲಭದ ದಾರಿ ಒಂದೇ: ಬಂದ ಲಿಂಕನ್ನು ಮುಟ್ಟಲೇಬೇಡಿ. ದಂಡ ಇದೆ ಎಂದರೆ ಸಹೆಲ್ ಆಪ್ ತೆರೆದು ನೋಡಿ. ಅಲ್ಲಿ ಇಲ್ಲದಿದ್ದರೆ ಮಂತ್ರಾಲಯದ ವೆಬ್‌ಸೈಟನ್ನು ನೀವೇ ಟೈಪು ಮಾಡಿ ತೆರೆಯಿರಿ. ಗೂಗಲ್‌ನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಅನೇಕ ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತು, ಅದನ್ನು ಒತ್ತುವ ಅಭ್ಯಾಸ ಬಿಡಿ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆವು. ಸಹೆಲ್ ಶುರುವಾದದ್ದು 2021ರ ಸೆಪ್ಟೆಂಬರ್‌ನಲ್ಲಿ; ಅದು ಇಂಗ್ಲಿಷಿನಲ್ಲಿ ಸಿಕ್ಕಿದ್ದು 2024ರಲ್ಲಿ. ಆ ಮಧ್ಯದ ವರ್ಷಗಳಲ್ಲಿ ಅರಬ್ಬಿ ಓದಲು ಬಾರದ ನಮ್ಮವರು ಏನು ಮಾಡಿದರು? ಫೋನನ್ನೇ ‘ಗೊತ್ತಿದ್ದವರ’ ಕೈಗೆ ಕೊಟ್ಟರು. ಟೈಪಿಂಗ್ ಅಂಗಡಿಯವನಿಗೆ, ಕಂಪನಿಯ ಮಂದೂಬನಿಗೆ, ಹಾರಿಸ್‌ಗೆ, ರೂಮಿನ ಪಕ್ಕದ ಹುಡುಗನಿಗೆ. ಪಿನ್ನೂ ಹೇಳಿದರು. ಇವತ್ತಿಗೂ ಡ್ರೈವರು, ಅಡಿಗೆಯವರು, ಮನೆಗೆಲಸದವರು ಎಷ್ಟೋ ಮಂದಿ ಅದೇ ಸ್ಥಿತಿಯಲ್ಲಿದ್ದಾರೆ. ಸಿವಿಲ್ ಐಡಿಯ ಜೆರಾಕ್ಸು ಕೊಟ್ಟುಕೊಟ್ಟು ನಮಗೆ ಅಭ್ಯಾಸವಾಗಿದೆ. ಸಿಮ್ಮಿಗೆ ಒಂದು, ಬಾಡಿಗೆಗೆ ಒಂದು, ಹಣ ಕಳಿಸುವಲ್ಲಿ ಒಂದು. ಆದರೆ ಫೋನಿನಲ್ಲಿರುವ ‘ಕುವೈತ್ ಮೊಬೈಲ್ ಐಡಿ’ ಜೆರಾಕ್ಸ್ ಪ್ರತಿ ಅಲ್ಲ, ಅದು ನಿಮ್ಮ ಸಹಿ. ನೀವು ಏನೂ ಮಾಡದೆ ಇರುವಾಗ ಅದರಲ್ಲಿ “ಒಪ್ಪಿಗೆ ಕೊಡಿ” ಎಂದು ಬಂದರೆ, ಎಲ್ಲೋ ಯಾರೋ ನಿಮ್ಮ ಹೆಸರಿನಲ್ಲಿ ಒಳಗೆ ನುಗ್ಗಲು ನಿಂತಿದ್ದಾನೆ ಎಂದರ್ಥ. ಒಪ್ಪಿದರೆ ಖಾಲಿ ಕಾಗದಕ್ಕೆ ರುಜು ಹಾಕಿದ ಹಾಗೆ.

ಇನ್ನು ಊರಿನ ಕಡೆಯದು. ಇದನ್ನು ಬರೆಯುವಾಗ ನಮ್ಮ ಕೈ ನಿಧಾನವಾಗುತ್ತದೆ.

ನಾವು ಇಲ್ಲಿ ಎಷ್ಟೇ ಜಾಗ್ರತೆಯಾಗಿದ್ದರೂ ನಾವು ದುಡಿದದ್ದರ ಬಹುಪಾಲು ಇರುವುದು ಊರಿನಲ್ಲಿ, ಎಪ್ಪತ್ತು ದಾಟಿದ ಅಪ್ಪ-ಅಮ್ಮನ ಹೆಸರಿನ ಜಂಟಿ ಖಾತೆಯಲ್ಲಿ. ಅವರಿಗೆ ಕರೆ ಬರುತ್ತದೆ. ಸಿಬಿಐ ಎನ್ನುತ್ತಾರೆ, ಮುಂಬಯಿ ಪೊಲೀಸ್ ಎನ್ನುತ್ತಾರೆ, ನಿಮ್ಮ ಆಧಾರ್ ನಂಬರಿನಲ್ಲಿ ಅಕ್ರಮ ಹಣ ಸಾಗಿದೆ ಎನ್ನುತ್ತಾರೆ. ವೀಡಿಯೋ ಕರೆ ಕಟ್ ಮಾಡುವಂತಿಲ್ಲ, ಯಾರಿಗೂ ಹೇಳುವಂತಿಲ್ಲ, ಕೊಠಡಿ ಬಿಟ್ಟು ಏಳುವಂತಿಲ್ಲ. ಇದಕ್ಕೆ ‘ಡಿಜಿಟಲ್ ಅರೆಸ್ಟ್’ ಎಂದು ಹೆಸರು. ಭಾರತದ ಯಾವ ಕಾನೂನಿನಲ್ಲೂ ಅಂಥ ಬಂಧನ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ‘ಮನ್ ಕಿ ಬಾತ್’ನಲ್ಲಿ ಇದನ್ನು ಹೇಳಿದರು; ಅಂದು ಕೇಳಿಸಿದ್ದು ನಮ್ಮ ವಿಜಯಪುರದವರೊಬ್ಬರಿಗೆ ಬಂದಿದ್ದ ಇಂಥದೇ ಕರೆಯನ್ನು. ಆದರೂ ನಿಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ವೃದ್ಧ ದಂಪತಿಗಳು ಹೀಗೆ ಬೆದರಿಸಿದವರಿಗೆ 50 ಲಕ್ಷಕ್ಕೂ ಮಿಕ್ಕಿ ಕೊಟ್ಟು, ಇನ್ನೂ ಬೇಕೆಂದು ಪೀಡಿಸಿದಾಗ ಪ್ರಾಣವನ್ನೇ ಕಳೆದುಕೊಂಡರು. ಆ ಮನೆಯಲ್ಲಿ ಇದ್ದದ್ದು ದುರಾಸೆಯೇ? ದಡ್ಡತನವೇ? ಸರ್ಕಾರಿ ನೌಕರಿ ಮಾಡಿ ನಿವೃತ್ತರಾದವರ ಮನೆ ಅದು. ಪೊಲೀಸ್ ಎಂದರೆ ಗೌರವ ಕೊಡಬೇಕು, ಕೋರ್ಟು ಎಂದರೆ ಹೆದರಬೇಕು ಎಂದು ಬದುಕಿಡೀ ಕಲಿತ ತಲೆಮಾರು. ಯಾರಿಗೂ ಹೇಳಬಾರದು ಎಂದು ಕಳ್ಳ ಹೇಳಿದ, ಅವರು ಹೇಳಲಿಲ್ಲ.

2023ರಲ್ಲಿ ಭಾರತದಲ್ಲಿ ಸೈಬರ್ ಮೋಸಕ್ಕೆ ಹೋದ ಹಣ 7,465 ಕೋಟಿ ರೂಪಾಯಿ. 2024ರಲ್ಲಿ 22,845 ಕೋಟಿ. ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ ಇದು. ಒಂದೇ ವರ್ಷದಲ್ಲಿ ಮೂರು ಪಾಲು. ಇದು ನಾಲ್ಕು ಜನ ಆಸೆಬುರುಕರ ಕಥೆಯಾಗಿರಲು ಸಾಧ್ಯವೇ, ನೀವೇ ಯೋಚಿಸಿ.

ಈ ವಾರ ಊರಿಗೆ ಫೋನ್ ಮಾಡಿದಾಗ ಮಳೆ ಬಂತೇ, ಅಡಿಕೆ ಧಾರಣೆ ಎಷ್ಟು ಎಂದು ಕೇಳಿದ ಮೇಲೆ ಎರಡು ನಿಮಿಷ ಇದನ್ನೂ ಮಾತನಾಡಿ. ಯಾವ ಪೊಲೀಸನೂ ವೀಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ, ಹಾಗೆ ಯಾರಾದರೂ ಹೇಳಿದರೆ ಫೋನ್ ಇಟ್ಟು ನಮಗೆ ಹೇಳು ಅಮ್ಮಾ ಎಂದು ಹೇಳಿ. ಕುವೈತಿನಲ್ಲಿ ನಿಮ್ಮ ಮಗನನ್ನು ಹಿಡಿದಿದ್ದಾರೆ, ಬಿಡಿಸಲು ಹಣ ಕಳಿಸಿ ಎಂಬ ಕರೆ ಬಂದರೆ ಏನು ಮಾಡಬೇಕೆಂಬುದನ್ನೂ ಹೇಳಿಕೊಡಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಮಾತು ಇಟ್ಟುಕೊಳ್ಳುವುದು ಒಳ್ಳೆಯದು, ಹಳೆಯ ಹಸುವಿನ ಹೆಸರೋ, ಅಜ್ಜಿ ಕರೆಯುತ್ತಿದ್ದ ಅಡ್ಡಹೆಸರೋ. ಧ್ವನಿಯನ್ನೇ ನಕಲು ಮಾಡುವ ಕಾಲ ಬಂದಿದೆ.

ದುರಾಸೆಯ ಮೋಸವೂ ಇದೆ, ಇಲ್ಲವೆನ್ನುವುದಿಲ್ಲ. 1982ರಲ್ಲಿ ಇದೇ ಕುವೈತಿನ ಸೂಕ್ ಅಲ್-ಮನಾಖ್‌ನಲ್ಲಿ ಮುಂದಿನ ತಾರೀಕಿನ ಚೆಕ್ಕುಗಳ ಮೇಲೆ ನಡೆದ ಶೇರು ವ್ಯಾಪಾರ ಕುಸಿದಾಗ ಆ ಚೆಕ್ಕುಗಳ ಮೊತ್ತ ಸುಮಾರು 94 ಶತಕೋಟಿ ಡಾಲರ್ ಆಗಿತ್ತು. 2019ರಲ್ಲಿ ಬೆಂಗಳೂರಿನ ಐಎಂಎ ಮುಳುಗಿದಾಗ ಹತ್ತಾರು ಸಾವಿರ ಕುಟುಂಬಗಳು ಬೀದಿಗೆ ಬಂದವು. ಈಗಿನ ‘ಟ್ರೇಡಿಂಗ್’ ಆಪುಗಳು ಅದೇ ಹಾಡಿನ ಹೊಸ ಧಾಟಿ. ಮೊದಲು 20 ದಿನಾರ್ ಹಾಕಿಸಿ 26 ಮಾಡಿ ವಾಪಸು ಕೊಡುತ್ತಾರೆ, ನಂಬಿಕೆ ಬಂದಮೇಲೆ ಎರಡು ಸಾವಿರ ಹಾಕಿಸುತ್ತಾರೆ, ಆಮೇಲೆ ಲಾಭ ತೆಗೆಯಲು ‘ತೆರಿಗೆ’ ಕಟ್ಟಿ ಎನ್ನುತ್ತಾರೆ. ಕ್ರಿಪ್ಟೋ ಹೆಸರು ಹೇಳಿದರಂತೂ ಮಾತೇ ಬೇಡ. 2023ರ ಜುಲೈನಲ್ಲಿ ಕುವೈತ್ ಅದನ್ನು ಹೂಡಿಕೆಗೂ ಪಾವತಿಗೂ ನಿಷೇಧಿಸಿದೆ. ಇಷ್ಟು ಸಾಕು.

ನಮಗೆ ನಿಜವಾಗಿ ಸಿಟ್ಟು ಇರುವುದು ಇನ್ನೊಂದು ವಿಷಯದಲ್ಲಿ. ‘ಫಾರ್ವರ್ಡೆಡ್ ಆಸ್ ರಿಸೀವ್ಡ್’!

ಬಂದದ್ದನ್ನು ಬಂದ ಹಾಗೆ ಕಳಿಸಿದ್ದೇವೆ, ನಮಗೇನೂ ಗೊತ್ತಿಲ್ಲ ಎಂಬ ಈ ಮೂರು ಪದ ಬರೆದು ನಮ್ಮ ವಾಟ್ಸಾಪ್ ಗುಂಪುಗಳಿಗೆ ಏನನ್ನೆಲ್ಲ ಸುರಿಯುತ್ತಿದ್ದೇವೆ ಎಂದು ಒಮ್ಮೆ ಹಿಂದಕ್ಕೆ ಸರಿಸಿ ನೋಡಿ. ಒಂದೂವರೆ ದಿನಾರಿಗೆ ನಾಲ್ಕು ಜನರ ಊಟ ಎಂಬ ಹೋಟೆಲಿನ ನಕಲಿ ಪುಟ. ದೊಡ್ಡ ಅಂಗಡಿಯ ಹುಟ್ಟುಹಬ್ಬಕ್ಕೆ ಉಚಿತ ಕೂಪನ್. ಎಣ್ಣೆ ಕಂಪನಿಯಲ್ಲಿ ಕೂಡಲೇ ಕೆಲಸ, ವೀಸಾ ಉಚಿತ, ‘ಫೈಲ್ ಚಾರ್ಜು’ ಮಾತ್ರ ಕಟ್ಟಿ. ಕಳ್ಳ ನೇರವಾಗಿ ಕಳಿಸಿದ್ದರೆ ಯಾರೂ ಒತ್ತುತ್ತಿರಲಿಲ್ಲ. ಆದರೆ ಕನ್ನಡ ಕೂಟದ ಗುಂಪಿನಲ್ಲಿ, ಗೌರವಸ್ಥ ಹಿರಿಯರೊಬ್ಬರ ಹೆಸರಿನಿಂದ ಬಂದಾಗ ಅದಕ್ಕೆ ಒಂದು ಜಾಮೀನು ಸಿಕ್ಕಿದ ಹಾಗಾಯಿತು. ಜಾಮೀನು ಹಾಕಿದವರು ಮಾತ್ರ ‘ಆಸ್ ರಿಸೀವ್ಡ್’ ಎಂದು ಜಾರಿಕೊಳ್ಳುತ್ತಾರೆ. ಊರಿನಲ್ಲಿ ಯಾರದೋ ಸೊಸೈಟಿ ಸಾಲಕ್ಕೆ ಜಾಮೀನು ಹಾಕಲು ಹತ್ತು ಸಲ ಯೋಚಿಸುವವರು ನಾವು. ಇಲ್ಲಿ ಬೆರಳ ತುದಿಯಲ್ಲಿ ಇನ್ನೂರು ಮನೆಗೆ ಜಾಮೀನು ಹಾಕುತ್ತೇವೆ!

ಕೆಲಸದ ಜಾಹೀರಾತಿನ ವಿಷಯ ಇನ್ನೂ ಗಂಭೀರ. ಇದನ್ನು ನೋಡಿ ಬರುವವರು ನಮ್ಮ ಗುಂಪಿನವರಲ್ಲ. ನಾವು ಊರಿಗೆ ದಾಟಿಸಿದ್ದನ್ನು ಕುಂದಾಪುರದಲ್ಲೋ ಕಲಬುರಗಿಯಲ್ಲೋ ಓದುವ ಹುಡುಗ. ತಂಗಿಯ ಸರ ಅಡವಿಟ್ಟು ದುಡ್ಡು ಕಟ್ಟುವವನು ಅವನು. ಕುವೈತ್ ಆಯಿಲ್ ಕಂಪನಿಯ ಹೆಸರಿನಲ್ಲಿ ಸುಳ್ಳು ನೇಮಕಾತಿ ಪತ್ರಗಳು ಓಡಾಡುತ್ತಿವೆ ಎಂದು ಆ ಕಂಪನಿಯೇ ಎಚ್ಚರಿಸಿದೆ. ಎಣ್ಣೆ ತೆಗೆಯುವ ಕಂಪನಿಗೆ ಜಿಮೇಲ್‌ನಲ್ಲಿ ಪುಕ್ಕಟೆ ವಿಳಾಸ ಯಾಕೆ ಬೇಕು ಎಂಬ ಪ್ರಶ್ನೆ ಆ ಹುಡುಗನಿಗೆ ಹೊಳೆಯದಿರಬಹುದು, ಇಪ್ಪತ್ತು ವರ್ಷ ಇಲ್ಲಿದ್ದ ನಮಗೆ ಹೊಳೆಯಬೇಡವೇ? ಭಾರತದಿಂದ ಕೆಲಸಕ್ಕೆ ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿರಬೇಕು; ‘ಇ-ಮೈಗ್ರೇಟ್ ಡಾಟ್ ಜಿಒವಿ ಡಾಟ್ ಇನ್’ ಎಂಬಲ್ಲಿ ಹೆಸರು ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. 2015ರಲ್ಲಿ ಕೊಚ್ಚಿಯ ಒಂದು ಏಜೆನ್ಸಿ ಕುವೈತಿಗೆ ಬರುವ ಒಬ್ಬೊಬ್ಬ ನರ್ಸಿನಿಂದ ಹತ್ತೊಂಬತ್ತೂವರೆ ಲಕ್ಷ ರೂಪಾಯಿ ಪಡೆಯುತ್ತಿತ್ತು ಎಂದು ಸಿಬಿಐ ಕೇಸು ಹಾಕಿದ್ದು ಹಳಬರಿಗೆ ನೆನಪಿರಬಹುದು. ಅದಾದರೂ ಬಾಗಿಲು, ಬೋರ್ಡು ಇದ್ದ ಆಫೀಸು. ಈಗ ಬಾಗಿಲೂ ಇಲ್ಲ.

ಕೊನೆಗೆ ಮರ್ಯಾದೆಯ ಪ್ರಶ್ನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಗಂಡನಿಗೆ ಹೆಂಡತಿ ಹೇಳುವುದಿಲ್ಲ, ಅಪ್ಪನಿಗೆ ಮಗ ಹೇಳುವುದಿಲ್ಲ. ಹೇಳಿದವರಿಗೆ ನಾವು ಮಾಡುವುದೇನು? “ಓದಿದವರಾಗಿ ಹೀಗೆ ಮಾಡ್ತೀರಾ?” ಎಂದು ಬಿದ್ದವರ ಮೇಲೆ ಆಳಿಗೊಂದು ಕಲ್ಲು. ಈ ಒಂದು ವಾಕ್ಯ ಎಷ್ಟು ನಷ್ಟ ಮಾಡುತ್ತದೆ ಗೊತ್ತೇ? ಮೋಸದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹತ್ತು ಖಾತೆಗೆ ಹಂಚಿಹೋಗಲು ಹೆಚ್ಚು ಹೊತ್ತು ಬೇಡ. ಮೊದಲ ಗಂಟೆಯಲ್ಲಿ ಹೇಳಿದರೆ ಹಣ ಎಲ್ಲಾದರೂ ಒಂದು ಕಡೆ ತಡೆಯುವ ಸಂಭವ ಉಂಟು. ನಾಚಿಕೆಯಿಂದ ಮೂರು ದಿನ ಕಳೆದು ಹೇಳಿದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಆದ್ದರಿಂದ ಕಾರ್ಡಿನ ಹಿಂದಿರುವ ನಂಬರಿಗೆ ಆ ಕ್ಷಣವೇ ಕರೆ ಮಾಡಿ ಕಾರ್ಡು ನಿಲ್ಲಿಸಿ. ಮೆಸೇಜಿನಲ್ಲಿ ಕೊಟ್ಟ ನಂಬರಿಗಲ್ಲ. ಪುಟದ, ಮೆಸೇಜಿನ ಫೋಟೋ ತೆಗೆದಿಡಿ, ಅಳಿಸಬೇಡಿ. ಗೃಹ ಮಂತ್ರಾಲಯದ ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಡಿ. ಇಲ್ಲಿ 2015ರ 63ನೇ ಕಾನೂನು ಇಂಥ ಅಪರಾಧಗಳಿಗೆಂದೇ ಇದೆ. ದೂರು ಕೊಟ್ಟರೆ ನಮ್ಮ ಇಕಾಮಾಕ್ಕೆ ತೊಂದರೆ ಎಂದು ಹೆದರಿಸುವವರ ಮಾತು ಕೇಳಬೇಡಿ, ಕಳವಾದವನು ಅಪರಾಧಿಯಲ್ಲ. ಹಣ ಹೋದದ್ದು ಭಾರತದ ಖಾತೆಯಿಂದಾದರೆ ಊರಿನ ಮನೆಯವರು 1930ಕ್ಕೆ ಕರೆ ಮಾಡಲಿ, ನೀವು ಇಲ್ಲಿಂದ ‘ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್’ನಲ್ಲಿ ಬರೆಯಿರಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ. ನಿಮ್ಮದೂ ಬ್ಯಾಂಕಿನದೂ ಅಲ್ಲದ ಲೋಪದಿಂದ ಹಣ ಹೋಗಿ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕು 2017ರಲ್ಲಿ ಹೇಳಿತು. ನಿಮ್ಮದೇ ಅಜಾಗ್ರತೆ ಇದ್ದರೂ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದೂ ಅದರಲ್ಲೇ ಇತ್ತು.

“ಗ್ರಾಹಕರೇ ಓಟಿಪಿ ಹಾಕಿದ್ದಾರೆ, ನಾವು ಹೊಣೆಯಲ್ಲ” ಎಂಬ ಬ್ಯಾಂಕುಗಳ ಒಂದೇ ಉತ್ತರವನ್ನು ದೇವವಾಕ್ಯವೆಂದು ತಿಳಿಯಬೇಕಾಗಿಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ, ಮೋಸಕ್ಕೊಳಗಾಗಿ ಗ್ರಾಹಕ ತಾನೇ ಹಣ ವರ್ಗಾಯಿಸಿದ್ದರೂ 85,000 ಪೌಂಡಿನ ತನಕ ಬ್ಯಾಂಕುಗಳು ತುಂಬಿಕೊಡಬೇಕೆಂಬ ನಿಯಮ ಬಂದಿದೆ. ಸಿಂಗಾಪುರದಲ್ಲೂ ಅದೇ ವರ್ಷ ಡಿಸೆಂಬರ್‌ನಿಂದ ಬ್ಯಾಂಕು ಮತ್ತು ಟೆಲಿಫೋನ್ ಕಂಪನಿಗಳ ಮೇಲೆ ಹೊಣೆ ಹೊರಿಸಿದ್ದಾರೆ. ಇಲ್ಲಿನ ಸೆಂಟ್ರಲ್ ಬ್ಯಾಂಕು 2021ರಿಂದ ‘ದಿರಾಯಾ’ ಎಂಬ ಜಾಗೃತಿ ಕಾರ್ಯಕ್ರಮ ನಡೆಸುತ್ತಿರುವುದು ಸ್ತುತ್ಯರ್ಹ. ಅದು ಮಲಯಾಳಂ, ಹಿಂದಿ, ಕನ್ನಡ ಮಾತನಾಡುವ ಕೂಲಿಯವನ ಕಿವಿಗೂ ಬೀಳಬೇಕಾದರೆ ನಮ್ಮಂಥ ಕೂಟಗಳೇ ಕೈಜೋಡಿಸಬೇಕು.

ನಾವು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಗೆ ಮೂರು ಬೇಡಿಕೆ ಲಿಖಿತವಾಗಿ ಕೊಡುತ್ತಿದ್ದೇವೆ. ಕೂಟದ ವಾಟ್ಸಾಪ್ ಗುಂಪುಗಳಲ್ಲಿ ಕೆಲಸ, ಕೂಪನ್, ದಂಡ, ಹೂಡಿಕೆಯ ಲಿಂಕುಗಳನ್ನು ಹಾಕುವುದು ಪೂರ್ತಿ ನಿಲ್ಲಬೇಕು. ‘ಆಸ್ ರಿಸೀವ್ಡ್’ ಎಂಬ ವಿನಾಯಿತಿ ಯಾರಿಗೂ, ಪದಾಧಿಕಾರಿಗಳಿಗೂ ಬೇಡ. ಮೋಸ ಹೋದ ಸದಸ್ಯರು ಯಾವ ಹೊತ್ತಿಗಾದರೂ ಕರೆ ಮಾಡಿ, ಬ್ಯಾಂಕಿಗೆ ಪೊಲೀಸಿಗೆ ಜೊತೆಯಲ್ಲಿ ಹೋಗಲು ಅರಬ್ಬಿ ಬಲ್ಲ ಇಬ್ಬರನ್ನು, ಒಬ್ಬ ಮಹಿಳೆ ಒಬ್ಬ ಪುರುಷ, ಗೊತ್ತುಮಾಡಬೇಕು. ಅವರು ಹೆಸರನ್ನು ಹೊರಗೆ ಬಿಡಬಾರದು. ಮತ್ತು ಈ ಸಲದ ಪಿಕ್ನಿಕ್ಕಿನಲ್ಲಿ ಹಗ್ಗಜಗ್ಗಾಟಕ್ಕೂ ಊಟಕ್ಕೂ ನಡುವೆ ಅರ್ಧ ಗಂಟೆ ಬಿಡಿಸಿ, ಮಕ್ಕಳಿಂದಲೇ ದೊಡ್ಡವರಿಗೆ ಅಸಲಿ-ನಕಲಿ ವಿಳಾಸ ಓದುವುದನ್ನು ಕಲಿಸಬೇಕು. ಸಹೆಲ್ ಹಾಕಿಕೊಳ್ಳಲು ಬಾರದವರಿಗೆ ಅಲ್ಲೇ, ಅವರ ಫೋನು ಅವರ ಕೈಯಲ್ಲೇ ಇರುವ ಹಾಗೆ, ಹಾಕಿಕೊಡಬೇಕು.

ಈ ಲೇಖನಕ್ಕೆ ವಿರೋಧ ಇರುವವರು, ಅದರಲ್ಲೂ ‘ದುರಾಸೆ’ಯ ಪಕ್ಷದವರು, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ತಪ್ಪದೆ ಹಾಕುತ್ತೇವೆ. ಒಂದು ಪುಟ ಮೀರದಿರಲಿ, ಕಾಗದದ ಒಂದೇ ಮಗ್ಗುಲಲ್ಲಿ ಬರೆಯಿರಿ. ಮತ್ತು ದಯವಿಟ್ಟು ಲಿಂಕು ಕಳಿಸಬೇಡಿ.